ಬೆಳಕು ಬರಾಕತ್ತೈತಿ, ಕಿಟಕಿ ಹಾಕ್ರಿ

ಟಾರ್ಚುಗಳ ವಿಷಯದಲ್ಲಿ ನಮ್ಮೂರಿನವರು ನನ್ನ ಮಾತು ಮೀರುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅವರು ನನ್ನ ಮಾತು ಕೇಳುವುದೇ ಇಲ್ಲ, ಹಾಗಾಗಿ ಮೀರುವ ಪ್ರಶ್ನೆಯೇ ಇಲ್ಲ ಎಂಬುದು ತಡವಾಗಿ ತಿಳಿಯಿತು. ಪೇಟೆಯ ನಡುವೆ ನನ್ನದೊಂದು ಗುಂಡಿ, ದಾರ, ಲಾಡಿ ಮಾರುವ ಅಂಗಡಿ. ಅಂಗಿಗೆ ಗುಂಡಿ ಕೊಳ್ಳಲು ಬಂದವರ ಕೈಯಲ್ಲಿ ಟಾರ್ಚು ಕಂಡರೆ ಸಾಕು, ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಸ್ಪ್ರಿಂಗು ಸಡಿಲ ಐತಿ, ಬಾಳಕಿ ಬರೂದಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದೆ. ಅವರು "ಹೌದ್ರೀ ಅಡಿವೆಪ್ಪ" ಎಂದು ಗುಂಡಿ ತೆಗೆದುಕೊಂಡು ಹೋಗುತ್ತಿದ್ದರು. ಆ ಟಾರ್ಚು ಮುಂದೆ ವರ್ಷಗಟ್ಟಲೆ ಉರಿಯುತ್ತಿತ್ತು.

ನಮ್ಮೂರಲ್ಲಿ ಟಾರ್ಚು ಕೊಳ್ಳುವುದು ಸಣ್ಣ ಕೆಲಸವಲ್ಲ. ಇಲ್ಲಿ ಬಿಸಿಲು, ಬೆಳದಿಂಗಳು ಎಲ್ಲ ಊರುಗಳಂತೆಯೇ ಇವೆ. ಮನುಷ್ಯ ಹಚ್ಚಿದ ಬೆಳಕು ಮಾತ್ರ ನಡೆದುಕೊಂಡು ಹೋಗಬೇಕು, ಅದೂ ಗಬ್ಬದ ಎಮ್ಮೆ ಕೆರೆಗೆ ಹೋದ ಹಾಗೆ. ದೇವರ ಕೋಣೆಯಲ್ಲಿ ಹಚ್ಚಿದ ದೀಪ ನಡುಮನೆ ತಲುಪುವಷ್ಟರಲ್ಲಿ ಒಂದು ರೊಟ್ಟಿ ಬಡಿದಾಗಿರುತ್ತದೆ. ಸಂಜೆ ಹೊಲದಿಂದ ದನ ಹೊಡೆದುಕೊಂಡು ಬರಬೇಕಾದವರು ಮೊದಲು ಆ ಕಡೆ ಟಾರ್ಚು ಬಿಟ್ಟು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಆಮೇಲೆ ಹೊರಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಮ್ಮಲ್ಲಿ ಅದಕ್ಕೆ ಬೆಳಕು ಬಿಟ್ಟರೆ ಹೋಯಿತು ಎಂದೂ ಸೇರಿಸುತ್ತಾರೆ. ಹೊರಟ ಬೆಳಕನ್ನು ಯಾರೂ ವಾಪಸು ಕರೆಯಲಾರರು. ಸಾಮಾನ್ಯ ಟಾರ್ಚುಗಳ ಬೆಳಕು ಹತ್ತಿಪ್ಪತ್ತು ಮನೆ ದಾಟುವಷ್ಟರಲ್ಲಿ ದಣಿದು ಆರಿಹೋಗುವುದರಿಂದ ಇದರಿಂದ ದೊಡ್ಡ ಅನಾಹುತವೇನೂ ಆಗಿರಲಿಲ್ಲ.

ನಾನು ಪಾರ್ಸೆಲ್ ಹಾಕಿಸಿ ತರಿಸಿದ ಹೊಸ ಟಾರ್ಚು ಸಾಮಾನ್ಯದ್ದಲ್ಲ. ಡಬ್ಬಿ ಬಿಚ್ಚಿದಾಗಲೇ ಅದರ ತೂಕ ಕಂಡು ನನ್ನ ಎದೆ ತುಂಬಿ ಬಂತು. ಕಪ್ಪು ಅಲ್ಯೂಮಿನಿಯಂ ಮೈ, ಕೈ ಜಾರದಂತೆ ಮೈತುಂಬ ಸಣ್ಣ ಸಣ್ಣ ಗೀರು. ಹಿಂದಿನ ಮುಚ್ಚಳದ ತಿರುಪು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿತ್ತು. ಗಾಜು ದಪ್ಪ, ಒಳಗಿನ ಬಟ್ಟಲು ಹೊಸ ಸ್ಟೀಲ್ ಪಾತ್ರೆಯಂತೆ ಫಳಫಳ. ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಎಂದು ಕಾಗದದಲ್ಲಿ ಬರೆದಿದ್ದರು. ಅದನ್ನೂ ಪರೀಕ್ಷಿಸಿದೆ. ಟಾರ್ಚಿಗೆ ಏನೂ ಆಗಲಿಲ್ಲ. ನನ್ನ ಹೆಬ್ಬೆರಳಿನ ಉಗುರು ಕಪ್ಪಾಯಿತು.

ಕೊರತೆಗಳೂ ಇದ್ದವು, ಮುಚ್ಚಿಡುವುದಿಲ್ಲ. ಮೇಜಿನ ಮೇಲೆ ಇಟ್ಟರೆ ಉರುಳುತ್ತಿತ್ತು. ಜೇಬಿಗೆ ಸಿಕ್ಕಿಸುವ ಕೊಂಡಿ ಅಂಗಿ ಹರಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಒಂದೇ ರಬ್ಬರ್ ಗುಂಡಿ. ಒಮ್ಮೆ ಒತ್ತಿದರೆ ಒಂದು ಬಗೆ, ಒತ್ತಿ ಹಿಡಿದರೆ ಇನ್ನೊಂದು ಬಗೆ, ಎರಡು ಸಲ ಒತ್ತಿದರೆ ಕಣ್ಣು ಮಿಟುಕಿಸುವ ಬಗೆ. ಗುಂಡಿ ಒಳಗೆ ಹೋದರೆ ಹೊರಗೆ ಬರಲು ಸ್ವಲ್ಪ ಯೋಚಿಸುತ್ತಿತ್ತು. ಜೀವನವಿಡೀ ಗುಂಡಿಯನ್ನೇ ಮಾರಿದವನು ನಾನು, ಗುಂಡಿಯ ನಡತೆ ನೋಡಿ ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಅದರ ಬೆಳಕು ಎಷ್ಟು ದೂರ ಹೋಗುತ್ತದೆ ನೋಡಬೇಕೆಂದು ಆ ಸಂಜೆ ಅಂಗಡಿ ಬೇಗ ಮುಚ್ಚಿ ಊರ ಪಡುವಣದ ಗುಡ್ಡ ಹತ್ತಿದೆ. ಅಲ್ಲಿಂದ ನೋಡಿದರೆ ನಮ್ಮ ಪೇಟೆಬೀದಿ ಬೈತಲೆ ತೆಗೆದ ಹಾಗೆ ನೆಟ್ಟಗೆ ಹೋಗಿ ಊರಾಚೆಯ ದಿಬ್ಬ ಹತ್ತುತ್ತದೆ. ದಿಬ್ಬದ ಮೇಲೆ ನೀರಿನ ಟಾಕಿ. ಈ ಬೆಳಕು ಟಾಕಿ ಮುಟ್ಟಿದರೆ ನಾಳೆ ಅಂಗಡಿಯಲ್ಲಿ ಹೇಗೆ ಸುದ್ದಿ ಶುರುಮಾಡಬೇಕು ಎಂಬುದನ್ನು ಹತ್ತುವಾಗಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಕೈ ನಡುಗಿ ಪರೀಕ್ಷೆ ಕೆಡಬಾರದೆಂದು ಟಾರ್ಚನ್ನು ಎರಡು ಬಂಡೆಗಳ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಸಿ, ಟಾಕಿಗೆ ಗುರಿಯಿಟ್ಟು, ಗುಂಡಿ ಒತ್ತಿ ಹಿಡಿದೆ.

ಬಿಳಿಯ ಗೂಳಿಯೊಂದು ಗುಡ್ಡದಿಂದ ಇಳಿದು ಹೊರಟಿತು ನೋಡಿ! ಅಷ್ಟು ದಪ್ಪ ಬೆಳಕನ್ನು ನಾನು ಕಂಡಿರಲಿಲ್ಲ. ಕುರುಚಲು ಗಿಡಗಳ ಎಲೆ ಎಲೆಯನ್ನೂ ತೋರಿಸುತ್ತ, ಅವಸರವಿಲ್ಲದೆ, ಬೀದಿಯ ಬಾಯಿಯ ಕಡೆ ನಡೆಯಿತು. ದಣಿಯುವ ಲಕ್ಷಣವೇ ಇರಲಿಲ್ಲ. ಕಣ್ಣು ತುಂಬ ನೋಡಿ, ಸಾಕು ಎನ್ನಿಸಿ ಗುಂಡಿ ಒತ್ತಿದೆ. ಗುಂಡಿ ಒಳಗೆ ಹೋಯಿತು. ಬರಲಿಲ್ಲ. ಟಾರ್ಚು ಆರುವ ಬದಲು ಮಿಟಿಮಿಟಿ ಮಿಟುಕಿಸತೊಡಗಿತು. ಉಗುರು ಹಾಕಿ ಎಳೆದೆ, ಮಿಟುಕುವುದು ನಿಂತು ಬೆಳಕು ಮೊದಲಿಗಿಂತ ಜೋರಾಯಿತು. ಹೊರಗೆ ಎಳೆಯಲು ಹೋದರೆ ಮೈ ಕಾದ ಹಂಚಿನಂತಾಗಿ, ಉಬ್ಬಿ, ಬಂಡೆಯ ಸಂದಿಯಲ್ಲಿ ಕಚ್ಚಿ ಕೂತುಬಿಟ್ಟಿತ್ತು. ಕಲ್ಲಿನಿಂದ ಬಡಿದೆ. ಹೆಗಲ ಮೇಲಿನ ವಲ್ಲಿ ಮುಚ್ಚಿದೆ, ವಲ್ಲಿ ಸುಟ್ಟು ತೂತಾಯಿತು. ಆಮೇಲೆ ಅದರ ಪಕ್ಕ ಕೂತು, ಅದನ್ನು ತಯಾರಿಸಿದವರಿಗೆ ಒಳ್ಳೆಯ ಮಾತಿನಲ್ಲೇ ಬೈಯತೊಡಗಿದೆ.

ಅಷ್ಟರಲ್ಲಿ ನನ್ನ ಹೆಂಡತಿ ದಾಕ್ಷಾಯಣಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಅಂಗಳದಿಂದಲೇ ಬೆಳಕು ಕಂಡು, ಇದು ಯಾರ ಕೆಲಸವೆಂದು ಯಾರನ್ನೂ ಕೇಳದೆ ನೆಟ್ಟಗೆ ಬಂದಿದ್ದಳು. ಬಗ್ಗಿ ನೋಡಿದಳು, ಸೆರಗು ಕೈಗೆ ಸುತ್ತಿಕೊಂಡಳು, ಹಿಂದಿನ ಮುಚ್ಚಳವನ್ನು ಒಂದು ಸುತ್ತು ತಿರುವಿದಳು. ಟಾರ್ಚು ಆರಿತು.

"ಎತ್ತ ಕಡೆ ಹಿಡದಿದ್ರಿ ಇದನ್ನ?" ಎಂದಳು.

"ನೀರಿನ ಟಾಕಿ ಕಡೆ. ಮುಟ್ಟತೈತೇನ ನೋಡೂಣು ಅಂತ."

"ಟಾಕಿ ಬುಡಕ ಯಾರ ಮನಿ ಐತಿ?"

"ಅಕ್ಕಂದು."

"ಆ ಮನ್ಯಾಗ ಕಣ್ಣಿಗೆ ಪಟ್ಟಿ ಕಟಗೊಂಡು ಯಾರು ಮಲಗ್ಯಾರ?"

ನನ್ನ ಕಾಲ ಕೆಳಗಿನ ಗುಡ್ಡ ಸ್ವಲ್ಪ ಕುಸಿಯಿತು. ಅಕ್ಕನ ಗಂಡ ಮುರಿಗೆಪ್ಪ ಮಾವ ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವ ಪೇಂಟರು. ಒಂದು ಕಣ್ಣು ಸಣ್ಣವರಿದ್ದಾಗಲೇ ಸುಣ್ಣ ಸಿಡಿದು ಹೋಗಿತ್ತು. ಉಳಿದದ್ದಕ್ಕೆ ಪೊರೆ ಬಂದು, ಆ ವಾರವೇ ಆಪರೇಷನ್ ಆಗಿತ್ತು. ಅಮಾವಾಸ್ಯೆ ಕಳೆಯುವವರೆಗೆ ಕೋಣೆಯಲ್ಲಿ ಕಡ್ಡಿ ಕೂಡ ಗೀರಬಾರದು, ತಲೆ ಅಲುಗಾಡಿಸಬಾರದು ಎಂದು ಡಾಕ್ಟರು ಹೇಳಿದ್ದರು. ಇದನ್ನೆಲ್ಲ ಅಕ್ಕ ಅಂಗಡಿಗೆ ಬಂದು ನನಗೆ ಹೇಳಿಯೂ ಇದ್ದಳು. ಆಗ ನಾನು ಟಾರ್ಚಿನ ಡಬ್ಬಿಯ ಮೇಲಿನ ಬರಹ ಓದುತ್ತಿದ್ದೆ.

ಓಡಿದೆ. ನಮ್ಮೂರಲ್ಲಿ ಮನುಷ್ಯ ಬೆಳಕಿಗಿಂತ ಜೋರಾಗಿ ಓಡಬಲ್ಲ, ನನ್ನಂಥ ಹೊಟ್ಟೆಯವನು ಕೂಡ. ಹಿಟ್ಟಿನ ಗಿರಣಿಯ ಹತ್ತಿರ ಬೆಳಕಿನ ಮೂತಿಯನ್ನು ಹಿಂದೆ ಹಾಕಿದೆ. ಅದರ ಮುಂದೆ ಮುಂದೆ ಬೀದಿಯುದ್ದಕ್ಕೂ ಕೂಗುತ್ತ ಹೋದೆ: "ಬೆಳಕು ಬರಾಕತ್ತೈತಿ, ಕಿಟಕಿ ಹಾಕ್ರಿ! ಕಣ್ಣು ಮುಚಗೋರಿ!"

ಕ್ಷೌರದಂಗಡಿಯವನು ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟವನು ಹಾಗೇ ನಿಂತ. "ಯಾರ ಬೆಳಕೋ?" ಎಂದು ಕೇಳಿದ.

"ನಂದು!"

"ಮತ್ತ ಯಾರದಿರತೈತಿ ಬಿಡು," ಎಂದು ಮುಖದ ತುಂಬ ಸಾಬೂನು ಮೆತ್ತಿಕೊಂಡ ಗಿರಾಕಿ ಹೇಳಿದ.

ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದ ಮುದುಕಿ ಸಂಕ್ರವ್ವ ಮಾತ್ರ ಏಳಲೇ ಇಲ್ಲ. "ಬರಲಿ ಬಾರೋ ತಮ್ಮಾ. ಜ್ವಾಳದಾಗ ಹಳ್ಳು ಕಾಣವಲ್ಲವು. ಸಾವಕಾಶ ಬರಾಕ ಹೇಳು," ಎಂದು ಬೆಳಕಿನ ಕಡೆ ಬೆನ್ನು ತಿರುಗಿಸಿ, ಮೊರವನ್ನು ಸರಿಯಾಗಿ ಇಟ್ಟುಕೊಂಡಳು.

ಅಕ್ಕನ ಮನೆ ಮುಟ್ಟಿದವನೇ ಬೀದಿಯತ್ತ ಕೈ ತೋರಿಸಿದೆ. ಅಕ್ಕ ನೋಡಿದಳು. ನನ್ನ ಅಕ್ಕ ನೀಲವ್ವ ಎಂದರೆ ಓಣಿಗೆಲ್ಲ ಗಟ್ಟಿ ಎದೆಯ ಹೆಂಗಸು, ಅವಳೂ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಾವ ಮಲಗಿದ್ದ ಕೋಣೆಯ ಕಿಟಕಿ ಬೀದಿಗೇ ತೆರೆದಿತ್ತು. ಅದರ ಬಾಗಿಲುಗಳನ್ನು ಹುಳ ತಿಂದಿವೆಯೆಂದು ಹೊತ್ತು ಮುಳುಗಿದ ಮೇಲೆ ಕಳಚಿ, ಬೆಳಗಾಗುವುದರೊಳಗೆ ಸರಿಮಾಡಲು ಬಡಿಗೇರ ಮನೆಗೆ ಕೊಟ್ಟಿದ್ದರಂತೆ. ಬರೀ ಒಂದು ಸೀರೆ ಇಳಿಬಿಟ್ಟಿತ್ತು.

"ಕೌದಿ ಕೊಡು!" ಎಂದೆ.

"ಹಳೇ ಕೌದಿ, ಜಾಳು ಜಾಳು ಆಗೇತಿ. ನಿನ್ನ ಆ ದೆವ್ವ ತಡೀತೈತೇನು ಅದು?"

ಅಂಗಳದಲ್ಲಿ ಮಾವ ಅರ್ಧ ಬರೆದಿಟ್ಟಿದ್ದ ತಗಡಿನ ಬೋರ್ಡೊಂದು ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಂಡು ಒಳಗೆ ಓಡಿದೆ. ಕಿಟಕಿಗೆ ಹಿಡಿದರೆ ಅರ್ಧಕ್ಕೆ ಮಾತ್ರ ಸಾಲುತ್ತಿತ್ತು. ಉಳಿದರ್ಧಕ್ಕೆ ಏನು ಮಾಡಲಿ ಎಂದು ಸುತ್ತ ನೋಡುತ್ತಿದ್ದೆ. ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ನೀನ ನಿಂದ್ರು. ಸಾಲತೀ," ಎಂದಳು. ಸರಿ, ಸರಳುಗಳಿಗೆ ಬೆನ್ನು ಕೊಟ್ಟು, ಬೋರ್ಡನ್ನು ತೋಳಿನಲ್ಲಿ ತಬ್ಬಿಕೊಂಡು ನಿಂತೆ. ಕೌದಿಯನ್ನು ಮೇಲಿನಿಂದ ಹೊದಿಸಿ ಅಕ್ಕ ಬಾಗಿಲು ಎಳೆದುಕೊಂಡು ಹೋದಳು. ಬೋರ್ಡಿನ ಮೇಲೆ 'ಇಲ್ಲಿ ಉಗುಳಬಾರದು' ಎಂದು ಇತ್ತು. ಅದು ಬೀದಿಯ ಕಡೆ ಮುಖ ಮಾಡಿತ್ತು.

ಸ್ವಲ್ಪ ಹೊತ್ತಿಗೆ ಬೆನ್ನು ಬೆಚ್ಚಗಾಯಿತು. ಬಂತು. ಕೋಣೆ ಕತ್ತಲಾಗಿಯೇ ಉಳಿಯಿತು. ನನ್ನ ಕಿವಿಗೂ ಬೋರ್ಡಿಗೂ ನಡುವೆ ಒಂದು ಎಳೆ ಮಾತ್ರ ನುಸುಳಿ, ಮಾವನ ಹಾಸಿಗೆಗೆ ದೂರವಾಗಿ, ಮೇಲಿನ ಜಂತಿಯ ಮೇಲೆ ದಾರದಂತೆ ಬಿದ್ದಿತ್ತು.

"ಯಾರದು?" ಎಂದರು ಮಾವ.

"ನಾನ್ರೀ ಮಾವಾ, ಅಡಿವೆಪ್ಪ."

ಅವರು ನನ್ನ ಜೊತೆ ನೇರವಾಗಿ ಮಾತಾಡುವುದು ಅಪರೂಪ. ನಾನು ಎದುರಿಗೇ ಕೂತಿದ್ದರೂ "ನಿನ್ನ ತಮ್ಮ ಉಣತಾನೇನು ಕೇಳು" ಎಂದು ಅಕ್ಕನಿಗೆ ಹೇಳುವವರು. ಈಗ ಅಕ್ಕ ಕೋಣೆಯಲ್ಲಿರಲಿಲ್ಲ.

"ಕಿಟಕ್ಯಾಗ ಏನ ಮಾಡಾಕತ್ತಿ?"

ಹೇಳಿದೆ. ಗುಡ್ಡ, ಬಂಡೆ, ಟಾಕಿ, ಗುಂಡಿ ಎಲ್ಲ. ಅವರು ಮಲಗಿದಲ್ಲೇ ಕೇಳಿಸಿಕೊಂಡರು.

"ಎಷ್ಟೊತ್ತು ನಿಂದರತೀ?"

"ಅಲ್ಲಿ ನಾನು ಎಷ್ಟೊತ್ತು ಒದ್ದಾಡೀನೋ ಅಷ್ಟೊತ್ತು ನಿಂದ್ರಬೇಕ್ರೀ."

ಜಂತಿಯ ಮೇಲಿನ ದಾರ ಮಿಟುಕತೊಡಗಿತು. ಹೊರಗೆ ಬೀದಿಯಲ್ಲಿ ಹುಡುಗರು ಹೋ ಎಂದು ಕೂಗಿದರು. "ಏನಾತು?" ಎಂದರು ಮಾವ. "ಗುಂಡಿ ಒತ್ತಿದ್ನೆಲ್ರೀ, ಅದು ಈಗ ಬಂತು," ಎಂದೆ. ಆಮೇಲೆ ಬೆನ್ನು ಇನ್ನಷ್ಟು ಬಿಸಿಯಾಯಿತು. ಆಮೇಲೆ ದಾರ ಗಡಗಡ ನಡುಗಿತು. "ಈಗ?" "ಕಲ್ಲಿಲೆ ಬಡದೀನ್ರೀ." ನಾನು ಗುಡ್ಡದ ಮೇಲೆ ಯಾರೂ ನೋಡುತ್ತಿಲ್ಲವೆಂದು ಮಾಡಿದ ಒಂದೊಂದು ಪೆದ್ದುತನವೂ ಹೀಗೆ ಇಡೀ ಪೇಟೆ ಹಾದು, ಎಲ್ಲರಿಗೂ ದರ್ಶನ ಕೊಟ್ಟು, ಕೊನೆಗೆ ನನ್ನ ಬೆನ್ನಿಗೇ ಬಂದು ಬಡಿಯುತ್ತಿತ್ತು.

"ಅದರ ಮುಂದ ಎರಡ ಹೆಜ್ಜಿ ಸರದು ನಿಂತಿದ್ದರ ಅಲ್ಲೇ ಮುಗೀತಿತ್ತಲ್ಲೋ," ಎಂದರು ಮಾವ. "ಅದಕ್ಕ ಊರು ದಾಟಿ ಬಂದು ಇಲ್ಲಿ ನಿಂತಿ."

"ಹೊಳೀಲಿಲ್ರೀ."

ತಗಡಿನ ಅಂಚು ನನ್ನ ಅಂಗೈ ಕೊರೆಯುತ್ತಿತ್ತು. ಮಾವ ನಿದ್ದೆ ಹೋದರೇನೋ ಅಂದುಕೊಂಡೆ.

"ಅಡಿವೆಪ್ಪಾ," ಎಂದರು. ದನಿ ಬೇರೆಯೇ ಆಗಿತ್ತು. "ಒಂದೀಟು ಸರೀತಿಯೇನು?"

"ಯಾಕ್ರೀ?"

"ಪಟ್ಟಿ ಮ್ಯಾಲ ಬೀಳಲಿ. ಒಂದ ಚಣ. ರೆಪ್ಪಿ ಒಳಗ ಕೆಂಪಗ ಕಾಣತೈತೋ ಇಲ್ಲೋ ನೋಡತೀನಿ." ಹೊರಗೆ ಕೇಳದಂತೆ ದನಿ ಇಳಿಸಿದರು. "ಆಪರೇಷನ್ ಆದಾಗಿಂದ ಒಳಗ ಬರೇ ಕರ್ರಗ ಐತೋ. ನಿಮ್ಮ ಅಕ್ಕಗ ಹೇಳಿಲ್ಲ. ಹೋತು ಅಂದ್ರ ಹೋತು, ತಿಳದರ ಸಾಕು. ಹಿಂಗ ಮಲಗೂದು ಆಗವಲ್ದು."

ಯಾರಾದರೂ ಟಾರ್ಚು ತೋರಿಸು ಎಂದರೆ ಬೇಡ ಎಂದವನಲ್ಲ ನಾನು. ಕೇಳದವರಿಗೂ ತೋರಿಸಿದವನು. ಅದರಲ್ಲೂ ಮಾವ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನೂ ಬೇಡಿದವರಲ್ಲ, ನನ್ನ ಹತ್ತಿರವಂತೂ ಅಲ್ಲವೇ ಅಲ್ಲ. ನನ್ನ ಪಾದ ನನಗೆ ಗೊತ್ತಿಲ್ಲದಂತೆ ಅರ್ಧ ಬೆರಳು ಸರಿಯಿತು. ಜಂತಿಯ ಮೇಲಿನ ದಾರ ಅಗಲವಾಗಿ ಲಾಡಿಯಷ್ಟಾಯಿತು, ಗೋಡೆಗೆ ಇಳಿಯಿತು. ಹಾಸಿಗೆಯ ಕಾಲು ಕಂಡಿತು, ಕೌದಿಯ ಮೇಲೆ ಹೊರಗಿಟ್ಟಿದ್ದ ಮಾವನ ಕೈ ಕಂಡಿತು. ಉಗುರುಗಳ ಸಂದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಆ ಕೈ ಏನನ್ನೋ ಹಿಡಿಯಲು ಕಾದಂತೆ ಬಿಚ್ಚಿಕೊಂಡಿತ್ತು.

ತಲೆಯನ್ನು ಬೋರ್ಡಿಗೆ ಒತ್ತಿ ಆ ಸಂದಿಯನ್ನೂ ಮುಚ್ಚಿಬಿಟ್ಟೆ.

"ಇಲ್ರೀ ಮಾವಾ."

"ಸರಿ ಅಂದ್ನೆಲ್ಲೋ!"

"ಇಲ್ಲರಿ. ನಾ ಸರಿಯೂದಿಲ್ಲ."

"ಗುಂಡಿ ಮಾರಾಂವ ನೀನು, ಡಾಕ್ಟರ್ ಯಾವಾಗ ಆದಿ? ದನದಂಥಾಂವ! ನನ್ನ ಕಣ್ಣು ನಂದು!" ಎಂದು ಗದರಿದರು. ಅವರು ಎದ್ದುಬಿಟ್ಟರೆ ಏನು ಗತಿ ಎಂದು ಬೋರ್ಡನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡೆ. ಏಳಲಿಲ್ಲ. ಅವರ ಉಸಿರು ಮಾತ್ರ ಕೇಳುತ್ತಿತ್ತು, ಅದರ ನಡುವೆ ಬೇರೆ ಒಂದು ಸದ್ದೂ ಕೇಳಿತು. ಅದನ್ನು ಕೇಳಿಸಿಕೊಳ್ಳಲಿಲ್ಲವೆಂದು ತೋರಿಸಲು ನಾನು ಟಾರ್ಚಿನ ಮೈಯ ಗೀರುಗಳ ಬಗ್ಗೆ, ಮುಚ್ಚಳದ ತಿರುಪಿನ ಬಗ್ಗೆ, ಗಾಜಿನ ದಪ್ಪದ ಬಗ್ಗೆ ಹೇಳುತ್ತ ಹೋದೆ. ಅಷ್ಟು ಹೊತ್ತು ನನ್ನ ಟಾರ್ಚಿನ ವಿಚಾರವನ್ನು ಎದ್ದುಹೋಗದೆ ಕೇಳಿದವರು ಅವರೊಬ್ಬರೇ.

ಬೆನ್ನು ತಣ್ಣಗಾದಾಗ ಬೋರ್ಡು ಇಳಿಸಿದೆ. ಬೆರಳುಗಳು ಬಿಚ್ಚಲಿಲ್ಲ, ಅಕ್ಕ ಬಂದು ಒಂದೊಂದಾಗಿ ಬಿಡಿಸಿದಳು. ಮಾವ ಮಲಗಿದಲ್ಲಿಂದಲೇ "ನಿನ್ನ ತಮ್ಮಗ ಹೋಗಂತ ಹೇಳು" ಎಂದು ಅಕ್ಕನಿಗೆ ಹೇಳಿದರು. ಹಿಂದಿರುಗುವಾಗ ಸಂಕ್ರವ್ವ ಕರೆದು, "ನಾಳೆ ಸಂಜಿಕೂ ಬಿಡೋ ತಮ್ಮಾ, ಹೆಸರಕಾಳು ಹಸನ ಮಾಡೂದೈತಿ," ಎಂದಳು. ಮನೆಗೆ ಬಂದು ಟಾರ್ಚನ್ನು ದಾಕ್ಷಾಯಣಿಯ ಕೈಗೆ ಕೊಟ್ಟುಬಿಟ್ಟೆ. ನನ್ನ ತೀರ್ಪು ಬೇಕಾದವರಿಗೆ ಹೇಳುತ್ತೇನೆ: ಲೋಹ ಚಲೋ ಇದೆ, ಗಾಜು ಚಲೋ ಇದೆ, ಗುಂಡಿ ದಂಡ, ಕೊಂಡವನು ಅದಕ್ಕಿಂತ ದಂಡ.

ಅಮಾವಾಸ್ಯೆಯವರೆಗಿನ ದಿನಗಳು ನನಗೆ ಸರಿ ಹೋಗಲಿಲ್ಲ. ಗಿರಾಕಿ ಕರಿ ದಾರ ಕೇಳಿದರೆ ಬಿಳಿ ದಾರ ಕೊಡುತ್ತಿದ್ದೆ. ಮಾವನ ಕಣ್ಣು ಮೊದಲೇ ಹೋಗಿದ್ದರೆ, ಅವರು ಬೇಡಿದ ಒಂದೇ ಒಂದು ವಸ್ತುವನ್ನು ಕೊಡದೆ ಅವರನ್ನು ಇಷ್ಟು ದಿನ ಕತ್ತಲಲ್ಲಿ ಕೊಳೆಸಿದವನು ನಾನಾಗುತ್ತೇನೆ. ಹೋಗಿಲ್ಲದಿದ್ದರೆ, ಅರ್ಧ ಬೆರಳು ಸರಿದಾಗ ಇಳಿದ ಆ ಬೆಳಕಿನಿಂದ ಹೋಗಿರಬಹುದು. ಯಾವ ಕಡೆಯಿಂದ ನೋಡಿದರೂ ತಪ್ಪು ನನ್ನ ಮನೆಗೇ ಬರುತ್ತಿತ್ತು.

ಪಟ್ಟಿ ಬಿಚ್ಚುವ ದಿನ ಅಕ್ಕ ಹೇಳಿ ಕಳಿಸಿದಳು, ನೀನೂ ಬಾ ಎಂದು. ಅದು ಅವಳ ಮಾತೋ ಮಾವನ ಮಾತೋ ಕೇಳಲು ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲಿ ಅವರಿಬ್ಬರೂ ಒಳಗೆ ಹೋದರು, ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಮಾವ ಹಸಿರು ಕನ್ನಡಕ ಹಾಕಿಕೊಂಡು, ಅಕ್ಕನ ಭುಜ ಹಿಡಿದು ಹೊರಗೆ ಬಂದರು. ಅಕ್ಕ ಅಳುತ್ತಿದ್ದಳು. ಅವಳು ಸಂತೋಷಕ್ಕೂ ದುಃಖಕ್ಕೂ ಒಂದೇ ತರಹ ಅಳುವವಳು, ಅದರಿಂದ ಏನೂ ತಿಳಿಯಲಿಲ್ಲ. ಮಾವ ನನ್ನನ್ನು ದಾಟಿ ನಡೆದರು, ನಾನು ಹಿಂದೆ ಹೊರಟೆ.

ಪೇಟೆಗೆ ಬಂದಾಗ ಹಾಲಿನ ಡೇರಿಯ ಎದುರು ಗಕ್ಕನೆ ನಿಂತರು. ತಲೆ ಎತ್ತಿದರು. ಡೇರಿಯ ಬೋರ್ಡು ಅವರೇ ಎಂದೋ ಬರೆದದ್ದು, ಹಳದಿ ಮೇಲೆ ಕೆಂಪಕ್ಷರ: ಶುದ್ದ ಹಾಲು, ಮೊಸರು, ತುಪ್ಪ.

"ಅಡಿವೆಪ್ಪಾ," ಎಂದರು, "ಶುದ್ಧದ ಒತ್ತಿಗೆ ಸೀಳು ಎಲ್ಲೈತೋ?"

ನೋಡಿದೆ. ಇರಲಿಲ್ಲ. ಒತ್ತಕ್ಷರದ ಕೆಳಗೆ ಬೆರಳಿನ ಉಗುರಿನಷ್ಟು ಗೀಟು, ಅದು ಬಿಟ್ಟುಹೋಗಿತ್ತು. ಬೀದಿಯ ಈ ಬದಿಯಿಂದ ಅದು ಮಾವನಿಗೆ ಕಂಡಿತ್ತು.

"ಇಷ್ಟ ವರ್ಷ ಹಂಗ ಇತ್ತೇನು? ಯಾರೂ ಹೇಳಲಿಲ್ಲಲ್ಲ. ನೀನು ನೋಡಿದ್ದಿಲ್ಲೇನು?"

"ನೋಡಿದ್ನಿರೀ."

"ಮತ್ತ?"

"ನಿಮಗ ಹೇಳಾವ್ರು ಯಾರ್ರೀ?"

ಮಾವ ನನ್ನ ಕಡೆ ತಿರುಗಿದರು. ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ, ಅವರ ಹೊಟ್ಟೆ ಮಾತ್ರ ಸಣ್ಣಗೆ ಕುಣಿಯಿತು. ಆಮೇಲೆ ಅವರು ನಗುತ್ತಿದ್ದಾರೆಂದು ತಿಳಿಯಿತು. ಅಕ್ಕನನ್ನು ಮನೆಗೆ ಕಳಿಸಿ ಕೆಂಪು ಬಣ್ಣ, ಕುಂಚ ತರಿಸಿದರು. ಡೇರಿಯವನಿಂದ ಏಣಿ ಇಸಿದುಕೊಂಡರು. ಅವರು ಇನ್ನೂ ಏಣಿ ಹತ್ತುವ ಹಾಗಿರಲಿಲ್ಲ. ಹಾಗಾಗಿ ಹಾಡುಹಗಲು, ನಡುಪೇಟೆಯಲ್ಲಿ, ಗುಂಡಿ ಅಂಗಡಿಯ ಅಡಿವೆಪ್ಪ ಏಣಿಯ ಮೇಲೆ, ಕೆಳಗೆ ಏಣಿ ಹಿಡಿದು ಮುರಿಗೆಪ್ಪ ಮಾವ, ಸುತ್ತ ಊರು.

"ಇನ್ನ ಸ್ವಲ್ಪ ಎಡಕ. ಹಾಂ. ಕುಂಚ ಒತ್ತಬ್ಯಾಡ, ಮುಟ್ಟಸು, ಮುಟ್ಟಸು ಅಷ್ಟ."

ಮುಟ್ಟಿಸಿದೆ. ಗೀಟು ಸೊಟ್ಟಗಾಗಿ, ಬೇಕಾದದ್ದಕ್ಕಿಂತ ಎರಡರಷ್ಟು ಉದ್ದ ಇಳಿದು, ಅದರ ತುದಿಯಿಂದ ಒಂದು ಹನಿ ಕೆಂಪು ಬಣ್ಣ ಹಳದಿಯ ಮೇಲೆ ಜಾರತೊಡಗಿತು. ಅಲ್ಲೇ ಏಣಿಯ ಮೇಲೆ ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದೆ.

"ಚಲೋ ಆಗೇತಿ. ಇಳಿ," ಎಂದರು ಮಾವ.

ಚಲೋ ಆಗಿರಲಿಲ್ಲ. ಅದು ಸೊಟ್ಟಗಿರುವುದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.